ಏನ್ ಸಾರು ಇವತ್ತು?

ರಾವಂದೂರಿನ ಕಡೆ ಇಬ್ಬರು ಎದುರಾದರೆ ಚೆನ್ನಾಗಿದ್ದೀರಾ ಅಂತ ಕೇಳುವ ಪದ್ಧತಿ ಅಷ್ಟಾಗಿ ಇಲ್ಲ. ಎರಡು ಕಾಲಿನ ಮೇಲೆ ಎದುರಿಗೆ ನಿಂತಿದ್ದಾನೆ ಅಂದಮೇಲೆ ಚೆನ್ನಾಗಿಯೇ ಇದ್ದಾನೆ, ಅದನ್ನೇನು ಕೇಳುವುದು? ಕೇಳಬೇಕಾದ್ದು ಬೇರೆ ಇದೆ. "ಏನ್ ಸಾರು?" ಅಂತ ಕೇಳಿದರೆ ಮನೆಯ ಕ್ಷೇಮಸಮಾಚಾರವೆಲ್ಲ ಅದರಲ್ಲೇ ಬಂದುಬಿಡುತ್ತದೆ.

ಚಿಕ್ಕಬೀರಯ್ಯ ಈ ಪ್ರಶ್ನೆಯನ್ನು ಮದುವೆಯಾದ ಲಾಗಾಯ್ತು ಹೆಂಡತಿಗೆ ಕೇಳಿಕೊಂಡೇ ಬಂದವನು. ಹೊಲದಿಂದ ಬಂದು, ಕಾಲು ತೊಳೆದು, ಜಗಲಿಯ ಮೇಲೆ ಕೂತು ಒಳಕ್ಕೆ ಕೇಳುವ ಹಾಗೆ ಕೂಗುತ್ತಿದ್ದ. "ಅಮ್ಮಿ, ಏನ್ ಸಾರು ಇವತ್ತು?"

ಒಳಗಿನಿಂದ ಚಾಮುಂಡಮ್ಮನ ಉತ್ತರವೂ ಒಂದೇ. "ಮಾಡ್ದಾಗ ಗೊತ್ತಾಯ್ತದೆ ಬುಡಿ."

ಹೆಂಗಸಿಗೆ ಕೊಬ್ಬು ಜಾಸ್ತಿ ಅಂದುಕೊಂಡು ಅವನು ನಗುತ್ತಿದ್ದ. ಏನು ಅಡುಗೆ ಅಂತ ಗೊತ್ತಿದ್ದೂ ಹೇಳದೆ ಆಟವಾಡಿಸುತ್ತಾಳೆ ಅನ್ನುವುದು ಅವನ ಲೆಕ್ಕಾಚಾರ. ಗಂಡಸರ ಲೆಕ್ಕಾಚಾರ ಹೀಗೇ ಇರುತ್ತದೆ, ಯಾರೂ ತಿದ್ದದಿದ್ದರೆ ಸಾಯುವ ತನಕ ಸರಿಯಾಗೇ ಇರುತ್ತದೆ.

ಈ ಸಲ ಆಷಾಢದ ಮಳೆಯಲ್ಲಿ ಕೊಟ್ಟಿಗೆ ಮುಂದೆ ಜಾರಿಬಿದ್ದು ಚಾಮುಂಡಮ್ಮ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ ಕೈಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಬಂದರು. ಮಗ ಕನಕರಾಜು ಹೊಗೆಸೊಪ್ಪು ಕಾಯಿಸಿ ಹದ ಮಾಡುವ ಬ್ಯಾರನ್ನಿಗೆ ಎಲೆ ತುಂಬಿಸಿದ್ದ, ಅದರ ಬೆಂಕಿ ಬಿಟ್ಟು ಆ ಕಡೆ ಈ ಕಡೆ ಅಲ್ಲಾಡುವಂತಿರಲಿಲ್ಲ. ಸೊಸೆ ರಮ್ಯಾ ಹುಣಸೂರಿನ ಗಾರ್ಮೆಂಟ್ಸ್‌ಗೆ ಬೆಳಿಗ್ಗೆಯ ವ್ಯಾನಿಗೇ ಹೋಗುವವಳು. ತಿಂಡಿ ಮಾಡಿಟ್ಟು ಹೋಗುತ್ತೇನೆ, ರಾತ್ರಿಗೆ ಬಂದು ಮಾಡುತ್ತೇನೆ, ಮಧ್ಯಾಹ್ನದ್ದೊಂದು ಹೇಗೆ ಅಂತ ಅವಳು ಪೇಚಾಡಿದಳು.

"ನಾನ್ ನೋಡ್ಕತೀನಿ ಬುಡವ್ವ," ಅಂದ ಚಿಕ್ಕಬೀರಯ್ಯ. ಅಂದಮೇಲೆ ತಾನೇ ಬೆಚ್ಚಿದ. ಮಾತು ಬಾಯಿಂದ ಬಿದ್ದಾಗಿತ್ತು.

ಮೊದಲನೇ ದಿನ ಚಾಮುಂಡಮ್ಮ ಅಡುಗೆಮನೆಯ ಹೊಸಿಲ ಮೇಲೆ ಕೂತು ಕೈಯಿಲ್ಲದೆ ಬಾಯಲ್ಲೇ ಅಡುಗೆ ಮಾಡಿದಳು. "ಎಸರು ಕುದೀಲಿ. ಈಗ ಇಟ್ಟು ಸುರೀರಿ. ಅಯ್ಯೋ, ಈಗ್ಲೇ ಯಾಕ್ ಕೋಲಾಕಿದ್ರಿ? ಆಯ್ತು, ತಿರುವಿ. ತಿರುವಿ ಅಂದೆ, ಕೆರೀರಿ ಅನ್ಲಿಲ್ಲ!" ಅಂದಿನ ಮುದ್ದೆಯಲ್ಲಿ ಗಂಟುಗಳು ಎಷ್ಟಿದ್ದವೆಂದರೆ ಕನಕರಾಜು ತಲೆ ಎತ್ತದೆ, ಒಂದು ಮಾತೂ ಆಡದೆ ಉಂಡು ಎದ್ದುಹೋದ. ಅಪ್ಪನ ಮೇಲಿನ ಗೌರವ ಅಂದರೆ ಅದು.

ಆದರೆ ಚಿಕ್ಕಬೀರಯ್ಯ ಬಡಪೆಟ್ಟಿಗೆ ಬಗ್ಗುವವನಲ್ಲ. ಬ್ಯಾರನ್ನಿನ ಬೆಂಕಿಯನ್ನು ಒಂದು ಆಯುಷ್ಯ ಕಾದವನಿಗೆ ಗ್ಯಾಸಿನ ಒಲೆ ಯಾವ ಮಹಾ? ಹತ್ತಾರು ದಿನದಲ್ಲಿ ಮುದ್ದೆ ನುಣ್ಣಗಾಯಿತು. ಹಿಟ್ಟು ಬೆಂದು ಪಾತ್ರೆಯ ತಳ ಬಿಡುವಾಗ ಕೋಲಿಗೆ ಒಂದು ಹಗುರ ಬರುತ್ತದಲ್ಲ, ಅದು ಕೈಗೆ ತಿಳಿಯತೊಡಗಿತು. ಬದುವಿನ ಮೇಲೆ ನಡೆಯುವಾಗ ಕಣ್ಣು ತಾನಾಗಿ ಅಣ್ಣೆಸೊಪ್ಪು, ಕಿರೆಸೊಪ್ಪು ಹುಡುಕಿತು. ಇಷ್ಟು ವರ್ಷ ಅವನ್ನೆಲ್ಲ ಕಳೆ ಅಂತ ಕಿತ್ತೆಸೆದಿದ್ದ. ಬೆಂದ ಸೊಪ್ಪಿನ ಕಟ್ಟು ಬಸಿದು, ಬೆಳ್ಳುಳ್ಳಿ, ಮೆಣಸು, ಸುಟ್ಟ ಮೆಣಸಿನಕಾಯಿ ಅರೆದು ಉಪ್ಸಾರಿನ ಖಾರ ಮಾಡುವಾಗ ಮನೆಯೆಲ್ಲ ಘಾಟಾಗಿ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಮನಸ್ಸು ಮಾತ್ರ ಸುಮ್ಮನೆ ಖುಷಿಯಾಗಿರುತ್ತಿತ್ತು. ಈ ವಯಸ್ಸಿನಲ್ಲಿ ಇದೆಂಥ ಖುಷಿ, ಯಾರಿಗಾದರೂ ಹೇಳಿಕೊಳ್ಳುವಂಥದ್ದಾ ಅಂತ ಅವನಿಗೇ ಗೊಂದಲ.

ಹೇಳಿಕೊಳ್ಳಲಿಲ್ಲ. ಟೀ ಅಂಗಡಿಯಲ್ಲಿ ಹರಟೆ ರಂಗೇರಿದಾಗ ಎದ್ದು ಟವೆಲ್ ಕೊಡವಿ, "ಸೊಪ್ಪು ಬೇಯಿಸ್ಬೇಕು ಕಣ್ರಲಾ, ಬತ್ತೀನಿ" ಅನ್ನುತ್ತಿದ್ದ. ಆ ಸೀಮೆಯಲ್ಲಿ, ಆ ಹಂಗಾಮಿನಲ್ಲಿ, ಸೊಪ್ಪು ಬೇಯಿಸುವುದು ಅಂದರೆ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಹದ ಮಾಡುವುದು ಅಂತಲೇ ಅರ್ಥ. ಯಾರೂ ಮರುಮಾತು ಕೇಳುತ್ತಿರಲಿಲ್ಲ. ಅವನು ಸುಳ್ಳೂ ಹೇಳಿದ ಹಾಗಾಗಲಿಲ್ಲ.

ಕೆಡಿಸಿದವನು ಪಕ್ಕದ ಹೊಲದ ಜವರಯ್ಯ. ಚಿಕ್ಕಂದಿನ ಗೆಣೆಕಾರ, ಮೂಗು ತೂರಿಸದ ಜಾಗವಿಲ್ಲ. ಅವನ ಬ್ಯಾರನ್ನಿನಲ್ಲಿ ಎಲೆ ಕಪ್ಪಾಗಿತ್ತು. ಬೀರ ದಿನಾ ನಿಗಾ ಇಟ್ಟು ಬೇಯಿಸುತ್ತಾನಲ್ಲ, ಹೆಂಗೆ ಅಂತ ನೋಡೋಣ ಎಂದು ಬ್ಯಾರನ್ ಹತ್ತಿರ ಬಂದ. ಅಲ್ಲಿ ಕನಕರಾಜು ಒಬ್ಬನೇ ಇದ್ದ.

"ಅಪ್ಪಯ್ಯ ಮನೇಲವ್ರೆ," ಅಂದ ಹುಡುಗ, ಬೇರೇನೂ ಯೋಚಿಸದೆ.

ಜವರಯ್ಯ ಮನೆಗೆ ಬಂದು ಸೀದಾ ಒಳನುಗ್ಗಿದ. ಚಿಕ್ಕಬೀರಯ್ಯ ತಲೆಗೆ ಟವೆಲ್ ಸುತ್ತಿ, ಎರಡು ಕೈಯಲ್ಲಿ ಪಾತ್ರೆ ಬಗ್ಗಿಸಿ ಕಟ್ಟು ಬಸಿಯುತ್ತಿದ್ದ.

"ಇದೇನ್ಲಾ ಬೀರ, ಈ ಸೊಪ್ಪಾ!"

ಅವನು ಗೋಡೆ ಹಿಡಿದುಕೊಂಡು ನಕ್ಕ ನಗು ಬೀದಿಗೆ ಕೇಳಿಸಿತು. ನಕ್ಕು ಸುಸ್ತಾಗಿ ಅಲ್ಲೇ ಊಟಕ್ಕೆ ಕೂತ. ಎರಡು ಮುದ್ದೆ ಮುಗಿಸಿ, "ಇನ್ನೊಂಚೂರ್ ಖಾರ ಬುಡು" ಅಂದ. ಉಂಡ ಕೈ ತೊಳೆದವನೇ ಹೋಗಿ ಊರಿಗೆಲ್ಲ ಹೇಳಿದ.

ಅಲ್ಲಿಂದ ಟೀ ಅಂಗಡಿಯಲ್ಲಿ "ಏನ್ ಸಾರು, ಬೀರಣ್ಣ?" ಅನ್ನುವ ಪ್ರಶ್ನೆಗೆ ಬೇರೆಯೇ ರಾಗ ಬಂತು. ಚಿಕ್ಕಬೀರಯ್ಯನಿಗೆ ಅರ್ಥವಾಗದ್ದು ಇದು. ಊರಿನ ಬಾಡೂಟಕ್ಕೆ ಇದೇ ಕೈ ಕೊಪ್ಪರಿಗೆಗಟ್ಟಲೆ ಮಾಂಸ ಬೇಯಿಸಿದೆ. ಬೀರಯ್ಯನ ಕೈ ಬಿದ್ದರೆ ಅದರ ರುಚಿಯೇ ಬೇರೆ ಅಂತ ಇದೇ ಜನ ಬೆರಳು ಚೀಪಿದ್ದಾರೆ. ಆಗ ಯಾರೂ ನಗಲಿಲ್ಲ. ಊರಿಗೆ ಬೇಯಿಸಿದರೆ ಗಂಡಸುತನ, ಮನೆಗೆ ಬೇಯಿಸಿದರೆ ನಗೆಪಾಟಲು! ಇದನ್ನು ಯಾರು ಗೊತ್ತುಮಾಡಿದರು?

ಹೋಗಲಿ, ಜನ ಹಾಳಾಗಲಿ. ಅವನನ್ನು ನಿಜವಾಗಿ ಕೊರೆಯುತ್ತಿದ್ದದ್ದು ಚಾಮುಂಡಮ್ಮನ ಮುಖ. ಕೆಲವು ದಿನ ಅವಳು ಜಗಲಿಯಲ್ಲಿ ಅಕ್ಕಪಕ್ಕದವರ ಜೊತೆ ಕೂತು ಹುಡುಗಿಯಂತೆ ನಗುತ್ತಿದ್ದಳು. ಕೆಲವು ದಿನ ಹೊಸಿಲಿಗೆ ಬಂದು, ಅವನ ಕೈಯನ್ನೇ ನೋಡುತ್ತ ನಿಂತಿರುತ್ತಿದ್ದಳು. ಅವಳ ಜಾಗ ಕಿತ್ತುಕೊಂಡೆನಾ, ಇಲ್ಲ ಅವಳ ಹೊರೆ ಇಳಿಸಿದೆನಾ? ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಗಸಿನ ಮುಖ ಓದಲು ಬಾರದೆ ಅವನು ಒದ್ದಾಡಿದ. ಪಟ್ಟಿ ಬಿಚ್ಚುವ ದಿನ ಹತ್ತಿರ ಬಂದಂತೆ ಅವನಿಗೆ ಒಳಗೊಳಗೇ ಭಯ. ಅವಳ ಕೈ ಬೇಗ ವಾಸಿಯಾಗದಿದ್ದರೆ ಚೆನ್ನ ಅಂತ ಒಂದು ಸಲ ಮನಸ್ಸಿಗೆ ಬಂದು, ಥೂ ಪಾಪಿ ಅಂತ ತನ್ನನ್ನೇ ಬೈದುಕೊಂಡ.

ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಚಿಕ್ಕಬೀರಯ್ಯ ಮುತುವರ್ಜಿಯಿಂದ ಉಪ್ಸಾರು ಮಾಡಿದ್ದ. ಚಾಮುಂಡಮ್ಮ ಎಷ್ಟೋ ದಿನದ ಮೇಲೆ ತನ್ನ ಬಲಗೈಯಲ್ಲಿ ಮುದ್ದೆ ಮುರಿದು ಉಂಡಳು. ಅವನು ಇನ್ನರ್ಧ ಮುದ್ದೆ ಹಿಡಿದು ಬಗ್ಗಿದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಸಾಕು."

"ಒಂಚೂರು ಕಣಮ್ಮಿ."

"ಸಾಕು ಅಂದ್ನಲ್ಲ." ಅವಳ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಮುದ್ದೆ ಕೋಲಿನ ಮೇಲೆ ಹೋಯಿತು. ಅದನ್ನೇ ನೋಡುತ್ತ, ಯಾರಿಗೋ ಎಂಬಂತೆ ಅಂದಳು. "ಸಾಕಾಗ್ಬುಟ್ಟದೆ ನಂಗೆ."

ಚಿಕ್ಕಬೀರಯ್ಯ ಹಿಡಿದಿದ್ದ ಅರ್ಧ ಮುದ್ದೆಯನ್ನು ವಾಪಸ್ಸು ಪಾತ್ರೆಗೆ ಹಾಕಿದ. ಅವಳು ಎದ್ದ ಮೇಲೆ ಕೋಲನ್ನು ಉಜ್ಜಿ ಉಜ್ಜಿ ತೊಳೆದು, ಅವಳು ಮೊದಲಿನಿಂದ ತಗುಲಿಹಾಕುತ್ತಿದ್ದ ಮೊಳೆಗೇ ತಗುಲಿಹಾಕಿದ. ಮಾರನೆಯ ದಿನ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಅವಳೂ ಏನೂ ಕೇಳದೆ ಹೋಗಿ ಒಲೆ ಹಚ್ಚಿದಳು.

ಅವಳ ಸಾರು ಯಾವಾಗಿನಂತೆಯೇ ಇತ್ತು. ಅದೇ ಅವನ ತಲೆ ಕೆಡಿಸಿದ್ದು. ಇಷ್ಟವಿಲ್ಲದ ಕೈಯಿಂದ ಇಂಥ ರುಚಿ ಬರುತ್ತದಾ? ಬರದು ಅಂದರೆ ಅವಳಿಗೆ ಇಷ್ಟವಿದೆ, ತಾನು ದೂರ ಇರುವುದೇ ಸರಿ. ಇಷ್ಟವಿದ್ದರೆ ಮತ್ತೆ ಆ ಮುಖ ಯಾಕೆ ಹಾಗಿರುತ್ತದೆ? ನಡುನಡುವೆ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. ಜಗಲಿಯಲ್ಲಿ ಕೂತು "ಏನ್ ಸಾರು" ಅಂತ ಕೂಗುವುದನ್ನೂ ಅವನು ಬಿಟ್ಟ. ಅವನಿಗೆ ದುಃಖವಾಗಿತ್ತು, ಅದನ್ನು ದುಃಖ ಅನ್ನಲು ನಾಚಿಕೆಯಾಗಿತ್ತು.

ಒಂದು ಸಂಜೆ ರಮ್ಯಾ ವ್ಯಾನಿಳಿದು ಬಂದು ಕಾಲು ಚಾಚಿ ಕೂತಿದ್ದಾಗ ಮೆಲ್ಲಗೆ ಕೇಳಿದ. "ಅಲ್ಲವ್ವ, ನಿಮ್ಮತ್ತೆಗೆ ಅಡುಗೆ ಮಾಡೋದು ಅಂದ್ರೆ ಇಷ್ಟನಾ?"

ರಮ್ಯಾ ಮಾವನನ್ನು ಕಣ್ಣರಳಿಸಿ ನೋಡಿದಳು. "ಅದೆಲ್ಲ ನಂಗೇನ್ ಗೊತ್ತು ಮಾವ. ನಂಗೆ ಹೊಲಿಯೋದು ಇಷ್ಟನಾ ಅಂತ್ಲೂ ಯಾರೂ ಕೇಳಿಲ್ಲ. ಲೈನಲ್ಲಿ ಕೂರುಸ್ತಾರೆ, ಕಾಲರ್ ಹೊಲೀತೀನಿ." ಆಮೇಲೆ ನಕ್ಕು, "ಅತ್ತೇನೇ ಕೇಳಿ ಮಾವ, ಒಂದೇ ಮನೇಲಿ ಇದೀರಲ್ಲ," ಅಂದಳು.

ಒಂದೇ ಮನೆ ಏನೋ ಹೌದು. ಆದರೆ ಹೊಸಿಲು ದಾಟಿ ಅದನ್ನೊಂದು ಕೇಳುವುದಕ್ಕೆ ಅವನಿಗೆ ಮತ್ತೂ ಎರಡು ದಿನ ಬೇಕಾಯಿತು. ಕೇಳಿದ್ದೂ ಧೈರ್ಯದಿಂದಲ್ಲ. ಚಾಮುಂಡಮ್ಮ ಮುದ್ದೆ ತಿರುವುವಾಗ ಕೋಲು ಕೈಯಿಂದ ಜಾರಿ ನೆಲಕ್ಕೆ ಬಿದ್ದ ಸದ್ದು ಕೇಳಿ ಓಡಿಬಂದಿದ್ದ. ಅವಳು ಮಣಿಕಟ್ಟು ಹಿಡಿದುಕೊಂಡು ನಿಂತಿದ್ದಳು. ಕೋಲೆತ್ತಿಕೊಂಡ ಅವನು ಅದನ್ನು ಅವಳಿಗೆ ಕೊಡಲೂ ಇಲ್ಲ, ಪಾತ್ರೆಗೆ ಹಾಕಲೂ ಇಲ್ಲ.

"ಅಮ್ಮಿ, ನಿಂಗಿದು ಇಷ್ಟನಾ?"

"ಯಾವ್ದು?"

"ಇದೇ. ದಿನಾ ಬೇಯ್ಸಿ ಹಾಕೋದು."

ಚಾಮುಂಡಮ್ಮ ಅವನಿಗೆ ಗಾಳಿಗೀಳಿ ಮೆಟ್ಟಿಕೊಂಡಿತೇನೋ ಅನ್ನುವಂತೆ ನೋಡಿದಳು. "ಈಗ್ ಕೇಳ್ತಿದೀರಾ? ಅದ್ ಬುಡಿ, ನೀವ್ಯಾಕೆ ಇದ್ದಕ್ಕಿದ್ದಂಗೆ ಬುಟ್ಬುಟ್ರಿ?"

"ನೀನೇ ಸಾಕಾಗ್ಬುಟ್ಟದೆ ಅಂದ್ಯಲ್ಲ!"

"ನಂಗ್ ಸಾಕಾಗ್ಬುಟ್ಟದೆ ಅಂದೆ. ನಿಮ್ ಅಡುಗೆ ಸಾಕು ಅಂದ್ನಾ? ಈ ಒಲೆ ಮುಂದೆ ನಿಂತು ನಿಂತು ನಂಗ್ ಸಾಕು ಅಂದೆ ಕಣ್ರೀ. ಕೈ ಸರೋಯ್ತಲ್ಲ, ಮತ್ತೆ ನನ್ ಕತ್ತಿಗೇ ಬತ್ತದಲ್ಲ ಅಂತ ಸಂಕಟ ಆಗಿ ಅಂದೆ. ನೀವು ಕೋಲ್ ತೊಳ್ದು ಮೊಳೆಗ್ ತಗುಲಾಕುದ್ರಿ. ಸರಿ, ಇವ್ರ ಆಟ ಮುಗೀತು ಅನ್ಕಂಡೆ."

ಒಲೆಯ ಮೇಲೆ ಹಿಟ್ಟು ತಳ ಹಿಡಿಯುತ್ತಿತ್ತು. ಚಿಕ್ಕಬೀರಯ್ಯನಿಗೆ ನಗಬೇಕೋ, ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕೋ ತಿಳಿಯಲಿಲ್ಲ. ಕೋಲು ತೊಳೆದು ಪಾತ್ರೆಗೆ ಹಾಕಿ ಗರಗರ ತಿರುವಿದ. ಆ ಹಗುರ ಮತ್ತೆ ಕೈಗೆ ಬಂತು. ತಿರುವುತ್ತಲೇ ಕೇಳಿದ. "ಅಂಗಾರೆ ಇಷ್ಟ್ ವರ್ಸ ಇಷ್ಟ ಇಲ್ದೇನೇ ಮಾಡಿದ್ಯಾ?"

ಚಾಮುಂಡಮ್ಮನ ಮುಖದಲ್ಲೂ ಅವನದೇ ಗೊಂದಲ ಇತ್ತು. "ಗೊತ್ತಿಲ್ಲ ಕಣ್ರೀ. ಹಸ್ಕಂಡ್ ಬತ್ತಿದ್ರಿ, ಮಾಡಾಕ್ತಿದ್ದೆ. ಚೆನ್ನಾಗದೆ ಅಂದ್ರೆ ಖುಷಿ ಆಗದು. ಒಂದೊಂದಿನ ಪಾತ್ರೆ ಎತ್ತಿ ಬೀದಿಗೆಸೀಬೇಕು ಅನ್ಸದು. ಎರಡೂ ಒಂದೇ ದಿನ ಆಗಿದ್ದೂ ಉಂಟು. ಇದುನ್ನ ಇಷ್ಟ ಅಂತಾರಾ?" ಆಮೇಲೆ ಅವನ ಕೈಯನ್ನು ನೋಡುತ್ತ ಅಂದಳು. "ನಿಮ್ಗೆ ಯಾಕಿಷ್ಟ ಗೊತ್ತಾ? ನಾಳೆ ಬ್ಯಾಡ ಅಂದ್ರೂ ನಡೀತದೆ. ಅದ್ಕೆ."

"ಬ್ಯಾಡ ಅನ್ನಲ್ಲ ಕಣಮ್ಮಿ. ಇನ್ಮ್ಯಾಲೆ ಮಧ್ಯಾಹ್ನದ್ದು ನಂದೇ."

"ನೋಡನ ಬುಡಿ," ಅಂದಳು ಅವಳು. ಹಾಗಂದವಳೇ ಜಗಲಿಗೆ ಹೋಗಿ ಕೂತಳು.

ಶ್ರಾವಣ ಕಳೆಯಿತು, ಬ್ಯಾರನ್ನಿನ ಬೆಂಕಿ ಆರಿತು. ಟೀ ಅಂಗಡಿಯಲ್ಲಿ "ಸೊಪ್ಪು ಬೇಯಿಸ್ಬೇಕು" ಅಂದರೆ ಈಗ ಯಾವ ಸೊಪ್ಪು ಅಂತ ಎಲ್ಲರಿಗೂ ಗೊತ್ತು. ನಗುವವರು ನಕ್ಕು ನಕ್ಕು ದಣಿದಿದ್ದರು. ಚಿಕ್ಕಬೀರಯ್ಯ ದಿನಾ ಬೇಯಿಸಿದ. ಕೆಲವು ದಿನ ಮೊದಲಿನ ಖುಷಿ ಇರುತ್ತಿತ್ತು. ಕೆಲವು ದಿನ ಅದು ಎಲ್ಲಿ ಹೋಯಿತು ಅಂತ ಪಾತ್ರೆಯೊಳಗೆ ಹುಡುಕುವಂತಾಗುತ್ತಿತ್ತು.

ಅಂಥದೇ ಒಂದು ಮಧ್ಯಾಹ್ನ. ಬೆಟ್ಟದಪುರದ ಬೆಟ್ಟ ಮರೆಯಾಗುವಂತೆ ಸೋನೆ ಹಿಡಿದಿತ್ತು. ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಸೋತಿತ್ತು. ಬದುವಿನಲ್ಲಿ ಸೊಪ್ಪು ಕೊಳೆತಿತ್ತು. ನಿನ್ನೆ ಬಸ್ಸಾರು ಆಗಿದೆ, ಮೊನ್ನೆ ಹುರುಳಿಕಾಳು, ಅದರ ಹಿಂದಿನ ದಿನ ಮಸ್ಸೊಪ್ಪು. ಅವನು ಒಂದು ಡಬ್ಬ ತೆಗೆದ, ಮುಚ್ಚಿದ. ಇನ್ನೊಂದು ತೆಗೆದ, ಮುಚ್ಚಿದ. ಮೈಕೈ ನೋವಿಗೆ ಮಲಗಿಬಿಡೋಣ ಅನ್ನಿಸಿತು. ಮಲಗುವಂತಿಲ್ಲ. ಕನಕರಾಜು ಇನ್ನೇನು ಹಸಿದು ಬರುತ್ತಾನೆ.

ಆಗ ಜಗಲಿಯಿಂದ ದನಿ ಬಂತು. ಹೊಟ್ಟೆ ಹಸಿದ, ಬೇರೇನೂ ಕಪಟವಿಲ್ಲದ ದನಿ.

"ಏನ್ರೀ, ಏನ್ ಸಾರು ಇವತ್ತು?"

ಚಿಕ್ಕಬೀರಯ್ಯ ಡಬ್ಬ ಹಿಡಿದುಕೊಂಡು ನಿಂತೇ ಬಿಟ್ಟ. ಸಿಟ್ಟು ಬಂತು, ಸಿಟ್ಟು ಯಾರ ಮೇಲೆ ಅಂತ ತಿಳಿಯಲಿಲ್ಲ. ಆ ದನಿ ಅವಳದಾಗಿತ್ತು, ಪ್ರಶ್ನೆ ತನ್ನದು. ಇಷ್ಟು ವರ್ಷ ಆ ಹೆಂಗಸು ಕೊಬ್ಬಿನಿಂದ ಆ ಉತ್ತರ ಕೊಡುತ್ತಿರಲಿಲ್ಲ, ಆಟವನ್ನೂ ಆಡಿಸುತ್ತಿರಲಿಲ್ಲ. ಹೀಗೇ, ಇದೇ ಜಾಗದಲ್ಲಿ, ಖಾಲಿ ತಲೆಯಲ್ಲಿ ನಿಂತಿರುತ್ತಿದ್ದಳು. ಅವನು ಜಗಲಿಯಲ್ಲಿ ಕೂತು ನಗುತ್ತಿದ್ದ.

ಅವನು ಮುಖ ಒರೆಸಿಕೊಂಡ. ಬೆವರೋ, ಇನ್ನೇನೋ. ಹೊರಗೆ ಕೇಳುವಂತೆ ಕೂಗಿದ.

"ಮಾಡ್ದಾಗ ಗೊತ್ತಾಯ್ತದೆ ಬುಡು."

ಜಗಲಿಯಿಂದ ನಗು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಚಾಮುಂಡಮ್ಮ ಒಳಗೆ ಬಂದು, ಹೊಸಿಲ ಮೇಲೆ ಕೂತು, ಬೆಳ್ಳುಳ್ಳಿ ಸುಲಿಯತೊಡಗಿದಳು. ಅವನು ಎಸರಿಟ್ಟ.