ಅಕ್ಕನ ಮಂಡಿ, ತಮ್ಮನ ಪುಡಿ

ಇಸ್ತ್ರಿ ಅಂಗಡಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತೇ ದುಡಿಯುತ್ತಿದ್ದ ಅಕ್ಕ, ಮಂಡಿಯ ಆಪರೇಷನ್ ಆದ ಮೇಲೆ ಆರು ವಾರದಿಂದ ಮನೆಯಲ್ಲಿದ್ದಳು. ಇನ್ನೆರಡು ತಿಂಗಳಲ್ಲಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ಹೇಳಿ ಕಳಿಸಿದ್ದ. ಆ ಕೆಲಸ ಬಿಟ್ಟು ಅವಳಿಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ತಮ್ಮ ಬಂದಾಗ ಅವಳು ಕುರ್ಚಿಯಲ್ಲಿ ಕೂತು ಅವನೇ ತಂದುಕೊಟ್ಟಿದ್ದ ಹಸಿರು ಪುಡಿಯನ್ನು ನೀರಿಗೆ ಕಲಸುತ್ತಿದ್ದಳು. ತಮ್ಮ ಜಿಮ್ಮಿನಲ್ಲಿ ತರಬೇತಿ ಕೊಡುವವನು. ಬಟಾಣಿ, ಬೇರು, ಸೊಪ್ಪು ಸೇರಿಸಿದ ಆ ಪುಡಿಯನ್ನು ಅಲ್ಲಿ ಮಾರುವವನೂ ಅವನೇ. ಡಬ್ಬದ ಮೇಲೆ ತೋಳು ಉಬ್ಬಿಸಿ ನಿಂತ ಫೋಟೋವೂ ಅವನದೇ.

"ವ್ಯಾಯಾಮ ಆಯ್ತಾ ಅಕ್ಕಾ?"

"ಅದನ್ನ ಬಿಟ್ಟು ಹದಿನೈದು ದಿನ ಆಯ್ತು. ಮಾಡಿದ ಮಾರನೇ ದಿನ ತೊಡೆಯೆಲ್ಲಾ ನೋವು. ಅದಕ್ಕೇ ಪುಡಿ ಒಂದು ಚಮಚ ಇದ್ದದ್ದು ಮೂರು ಮಾಡಿದೀನಿ."

ತಮ್ಮ ಬಗ್ಗಿ ಅವಳ ಕಾಲು ನೋಡಿದ. ಆಪರೇಷನ್ ಆದ ಕಾಲು ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ಸೊರಗಿತ್ತು.

"ಫಿಸಿಯೋ ಮೇಡಂ ದಿನಾ ಮಾಡ್ಬೇಕು ಅಂದಿದ್ರಲ್ಲ?"

"ಅವರಿಗೇನು, ಹೇಳಿ ಹೋಗ್ತಾರೆ. ನೋಯೋದು ನನಗೆ. 'ಮೂರು ತಿಂಗಳಲ್ಲಿ ಉಕ್ಕಿನಂಥ ಸ್ನಾಯು' ಅಂತ ಡಬ್ಬದ ಮೇಲೇ ಇದೆ. ನೀನು ಇದನ್ನ ಕುಡಿದೇ ತಾನೇ ಹೀಗಾಗಿದ್ದು? ನನ್ನ ತಮ್ಮ ಸುಳ್ಳು ಹೇಳ್ತಾನಾ?"

ತಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಗಿರಾಕಿಗಳ ಮುಂದೆ ಅರಳು ಹುರಿದಂತೆ ಮಾತಾಡುವವನು ಅಕ್ಕನ ಮುಂದೆ ತಡವರಿಸಿದ. ನಾಚಿಕೆಯಾಯಿತು.

"ಆ ಫೋಟೋ ತೆಗೆಸಿದಾಗ ನಾನು ಈ ಪುಡಿ ಮೂಸಿಯೂ ನೋಡಿರಲಿಲ್ಲ ಅಕ್ಕಾ. ಅದು ಆರು ವರ್ಷ ಭಾರ ಎತ್ತಿದ ಮೈ."

"ಹಾಗಾದ್ರೆ ಇದು ಬರೀ ಬೂದಿನಾ?"

"ಬೂದಿ ಅಲ್ಲ. ಊಟದಲ್ಲಿ ಸಾಲದಿದ್ದ ಪ್ರೋಟೀನ್ ಒಂದಿಷ್ಟು ಸಿಗುತ್ತೆ. ಆ ಬೇರಿಂದ ಏನಾಗುತ್ತೋ ನನಗೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಕಾಲು ದುಡೀದೆ ಎಷ್ಟು ಕುಡಿದ್ರೂ ತೊಡೆ ತುಂಬಲ್ಲ."

ಅಕ್ಕ ಲೋಟ ಕೆಳಗಿಟ್ಟಳು. "ನಿನ್ನ ನಂಬಿ ಹದಿನೈದು ದಿನ ಕಳ್ಕೊಂಡೆನಲ್ಲೋ."

ಮರುದಿನ ತಮ್ಮ ತಾನೇ ಅವಳನ್ನು ಫಿಸಿಯೋ ಬಳಿ ಕರೆದೊಯ್ದ. ಆಕೆ ಇಬ್ಬರಿಗೂ ಚೆನ್ನಾಗಿ ಬೈದು, ಮಂಡಿ, ತೊಡೆ ಒತ್ತಿ ನೋಡಿ, ಆಗ ಬಂದಿದ್ದು ದುಡಿದ ಸ್ನಾಯುವಿನ ನೋವು, ಹೆದರಬೇಡಿ ಎಂದು ವ್ಯಾಯಾಮವನ್ನು ಮತ್ತೆ ಮೊದಲಿನಿಂದ ಶುರು ಮಾಡಿಸಿದಳು.

ಅಂದಿನಿಂದ ತಮ್ಮ ದಿನಾ ಬೆಳಿಗ್ಗೆ ಬಂದ. ಅಕ್ಕ ಕುರ್ಚಿಯಿಂದ ಏಳುವಳು, ಕೂರುವಳು, ನಡುವೆ ಅವನ ಜನ್ಮ ಜಾಲಾಡುವಳು. ಅವನು ಬೈಗುಳ ಬಿಟ್ಟು ಏಳುವುದನ್ನಷ್ಟೇ ಎಣಿಸುತ್ತಿದ್ದ. ಐದು ಎಂಟಾಯಿತು, ಎಂಟು ಹದಿನೈದಾಯಿತು.

ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಅಕ್ಕ ಅಂಗಡಿಗೆ ಹೋದಳು. ಸದ್ಯಕ್ಕೆ ಅರ್ಧ ದಿನ ಎಂದು ಮಾಲೀಕ ಒಪ್ಪಿದ. ಅವಳು ಮೊದಲ ಅಂಗಿ ಹರವಿ ನಿಂತಾಗ ಜೊತೆಗೆ ಬಂದಿದ್ದ ತಮ್ಮ ಬಾಗಿಲಲ್ಲೇ ಅವಳ ಕಾಲನ್ನು ನೋಡುತ್ತಾ ಉಳಿದ. ಅವನ ಕಣ್ಣು ತುಂಬಿತ್ತು.

"ಇಲ್ಲೇನು ನಾಟಕ ನಡೀತಿದೆಯಾ? ಜಿಮ್ಮಿಗೆ ಹೋಗು," ಅಕ್ಕ ಇಸ್ತ್ರಿ ಎತ್ತಿದಳು. "ನನಗೆ ಹೇಳಿದ್ದನ್ನ ಅಲ್ಲಿರೋರಿಗೂ ಹೇಳು."

ಅವನು ಹೋದ. ಎಲ್ಲರಿಗಿಂತ ಹೆಚ್ಚು ಡಬ್ಬ ಕೊಂಡಿದ್ದ ಗಿರಾಕಿಗೇ ಮೊದಲು ಹೇಳಿದ.