ಇಂಗಾಲದ ಗುಂಡಿ

"ಮರಗಳು ಎಲ್ಲಿ ಸರ್?" ಎಂದಳು ಆರತಿ. ಮರ ಅಳೆಯಲೆಂದು ಹಾಸನದಿಂದ ಬಂದಿದ್ದ ಹುಡುಗಿ, ಟೇಪನ್ನು ಆಗಲೇ ಬಿಚ್ಚಿ ಹಿಡಿದಿದ್ದಳು.

ತಿರುನಾರಾಯಣ ಮೇಷ್ಟ್ರೂ ಅದನ್ನೇ ಹುಡುಕುತ್ತಿದ್ದರು. ಲಕ್ಕಮ್ಮನ ಹೊಲದ ಮೇಲಿನ ಬದುವಿನಲ್ಲಿ ಏಳು ಹೊಂಗೆಮರ ಇರಬೇಕಿತ್ತು. ಪಟ್ಟಿಯಲ್ಲಿ ಹಾಗಂತಲೇ ಇತ್ತು, ಬರೆದವರೂ ಮೇಷ್ಟ್ರೇ. ಈಗ ಅಲ್ಲಿ ಮೊಣಕಾಲೆತ್ತರದ ಏಳು ಬೊಡ್ಡೆ, ಬದುವಿನ ಕೆಳಗೆ ಸಾಲಾಗಿ ತೋಡಿದ ಗುಂಡಿಗಳು, ಗುಂಡಿಗಳ ಮೇಲೆ ಗೋಣಿತಾಟು. ಶಿವರಾತ್ರಿ ಕಳೆದು ವಾರವಾಗಿತ್ತು. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ಲಕ್ಕಮ್ಮ ಅಷ್ಟರಲ್ಲಿ ಸೆರಗು ಸಿಕ್ಕಿಸಿಕೊಳ್ಳುತ್ತ ಓಡೋಡಿ ಬಂದಳು. ಮುಖದಲ್ಲಿ ಮಗಳ ಮದುವೆ ಮುಗಿಸಿದವಳ ಸಂಭ್ರಮ. "ಬನ್ನಿ ಸಾ, ಬಾರವ್ವ" ಎಂದವಳೇ ಒಂದು ಗುಂಡಿಯ ಗೋಣಿತಾಟು ಎತ್ತಿ ಪಕ್ಕಕ್ಕೆ ಎಸೆದಳು. ಒಳಗೆ ಕಂಠಮಟ್ಟ ಇದ್ದಿಲು.

"ಏಳು ಮರದ್ದೂ ಐತೆ ಸಾ. ಒಂದ್ ಚೂರೂ ಆಚೆಗೆ ಓಗಾಕೆ ಬುಟ್ಟಿಲ್ಲ. ಇದ್ಲು ಸುಡೋ ಮಂಚಯ್ಯನ್ನ ಕರ್ಸಿ, ಮಣ್ಣು ಮುಚ್ಚಿ, ಅದ್ವಾಗಿ ಸುಡ್ಸಿವ್ನಿ. ಇನ್ನು ಮಣ್ಣೆಳ್ದು ಇಂಗುಸ್ಬುಟ್ರೆ ಆಯ್ತು. ನೀವು ನೋಡ್ಲಿ ಅಂತ ಕಾಯ್ತಿದ್ದೆ."

ಮೇಷ್ಟ್ರಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ನಾಲ್ಕು ತಿಂಗಳ ಹಿಂದೆ, ಎರಡು ಸಾವಿರದ ಏಳರ ಕಾರ್ತಿಕದಲ್ಲಿ, ಆರತಿ ಕೆಲಸ ಮಾಡುವ ಹಾಸನದ ಸಂಸ್ಥೆಯವರು ರಾಮನಾಥಪುರದ ಸುತ್ತಿನ ಊರುಗಳಲ್ಲಿ ಹೊಸದೊಂದು ಕೆಲಸ ಶುರುಮಾಡಿದ್ದರು. ಗಾಳಿಯಲ್ಲಿ ಇಂಗಾಲ ಹೆಚ್ಚಾಗಿ ಭೂಮಿ ಕಾಯುತ್ತಿದೆ. ಅದನ್ನು ಹಿಡಿದಿಡುವುದಕ್ಕೆ ಹೊರದೇಶಗಳಲ್ಲಿ ದೊಡ್ಡ ದೊಡ್ಡ ಯಂತ್ರ ಕಟ್ಟುವ ಮಾತು ನಡೆದಿದೆ. ನಮ್ಮಲ್ಲಿ ಬದುವಿನ ಮರಗಳೇ ಆ ಕೆಲಸ ಮಾಡುತ್ತವೆ, ಅವನ್ನು ಉಳಿಸಿ, ವರ್ಷಕ್ಕೊಮ್ಮೆ ನಾವು ಬಂದು ಅಳೆಯುತ್ತೇವೆ ಎನ್ನುವುದು ಅವರ ಮಾತಿನ ಸಾರ. ಅದನ್ನು ಊರವರಿಗೆ ತಿಳಿಯುವ ಕನ್ನಡದಲ್ಲಿ ಹೇಳಲು ಒಬ್ಬರು ಬೇಕಾಗಿತ್ತು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿ ನಿವೃತ್ತರಾಗಿ, ಅಗ್ರಹಾರದ ಜಗಲಿಯಲ್ಲಿ ಕೇಳುವವರಿಲ್ಲದೆ ಕೂತಿದ್ದ ತಿರುನಾರಾಯಣ ಮೇಷ್ಟ್ರಿಗೆ ಕರೆ ಬಂತು. ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಹೊರಟೇಬಿಟ್ಟರು.

ಲಕ್ಕಮ್ಮನ ಊರಿನಲ್ಲಿ, ಹಾಲಿನ ಡೈರಿ ಮುಂದೆ, ಜನ ಚೆನ್ನಾಗಿಯೇ ಸೇರಿದ್ದರು. ಮೇಷ್ಟ್ರು ಜೇಬಿನಿಂದ ಒಂದು ಇದ್ದಿಲ ಚೂರು ತೆಗೆದು ಎತ್ತಿ ಹಿಡಿದರು. "ಇದೇ ಇಂಗಾಲ. ಹಳಗನ್ನಡದಲ್ಲಿ ಇಂಗಾಲ ಅಂದರೆ ಕೆಂಡ, ಇದ್ದಿಲು ಅಂತಲೇ ಅರ್ಥ." ಅಲ್ಲಿಗೆ ನಿಲ್ಲಿಸಿದ್ದರೆ ಏಳು ಮರ ಉಳಿಯುತ್ತಿದ್ದವೇನೋ. ಆದರೆ ಎದುರಿಗೆ ಅಷ್ಟು ಕಣ್ಣುಗಳು ಕಂಡಮೇಲೆ ಮೇಷ್ಟ್ರ ನಾಲಿಗೆಗೆ ಲಗಾಮಿಲ್ಲ. ಹಿಂದಿನ ವರ್ಷ ತಾನೇ ಊರಿನವರು ಜಲಾನಯನದ ಯೋಜನೆಯಲ್ಲಿ ಮಳೆನೀರಿಗೆಂದು ಹೊಲಹೊಲದಲ್ಲಿ ಇಂಗುಗುಂಡಿ ತೋಡಿದ್ದರು. ಅದು ನೆನಪಾಗಿ, "ನೀರನ್ನು ಇಂಗಿಸಿದಿರಿ, ಇನ್ನು ಇಂಗಾಲವನ್ನೂ ಇಂಗಿಸಿ! ಇಂಗೋದಕ್ಕೇ ಅದರ ಹೆಸರು ಇಂಗಾಲ!" ಎಂದುಬಿಟ್ಟರು. ಆ ಹೆಸರಿಗೂ ಇಂಗುವುದಕ್ಕೂ ಸಂಬಂಧವಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಜನ ಚಪ್ಪಾಳೆ ತಟ್ಟಿದರು, ಮೇಷ್ಟ್ರು ಉಬ್ಬಿಹೋದರು.

ಆಗ ಲಕ್ಕಮ್ಮ ಎದ್ದು ನಿಂತು ಕೇಳಿದ್ದಳು. "ಮರ ಮುದಿಯಾಗಿ ಬಿದ್ದೋದ್ರೆ ಅದ್ರೊಳ್ಗಿನ್ದು ಏನಾಯ್ತದೆ ಸಾ?"

"ಕೊಳೆತು ಮತ್ತೆ ಗಾಳಿಗೇ ಹೋಗುತ್ತೆ. ಇದ್ದಿಲಾದರೆ ನೋಡು, ಮಣ್ಣಲ್ಲಿ ನೂರು ವರ್ಷ ಇದ್ದರೂ ಕೊಳೆಯೋಲ್ಲ!"

ಅದೂ ಸುಳ್ಳಲ್ಲ. ಪುಸ್ತಕದಲ್ಲಿರುವುದೇ. ಮರ ನಿಂತಿರುವಷ್ಟು ದಿನ ನಿಂತಲ್ಲೇ ಆ ಕೆಲಸ ಮಾಡುತ್ತದೆ, ನೀವೇನೂ ಮಾಡಬೇಡಿ ಎಂಬ ಒಂದು ಸಾಲು ಮಾತ್ರ ಚಪ್ಪಾಳೆಯ ಗದ್ದಲದಲ್ಲಿ ಹೇಳದೆಯೇ ಉಳಿದುಹೋಯಿತು.

ಆ ಮರಗಳನ್ನು ನೆಟ್ಟವನು ಲಕ್ಕಮ್ಮನ ಮಾವ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಸೌದೆ ಬೇಕಾಗಿ ಸುತ್ತಲ ಹೊಲಗಳ ಮರಗಳೆಲ್ಲ ಒಂದೊಂದಾಗಿ ಒಲೆ ಸೇರಿದ್ದವು. ಗಂಡ ತೀರಿಕೊಂಡ ಮೇಲೆ ಪ್ರತಿ ವರ್ಷವೂ ಯಾರಾದರೊಬ್ಬರು ಮರ ಕೇಳಿಕೊಂಡು ಲಾರಿ ತಂದು ಬದುವಿನ ಪಕ್ಕ ನಿಲ್ಲಿಸುತ್ತಿದ್ದರು. ಲಕ್ಕಮ್ಮ ಮಾತ್ರ ಜಗ್ಗಿರಲಿಲ್ಲ. ಹೊಗೆಸೊಪ್ಪಿನವರಿಗೆ ಹದಿನಾಲ್ಕು ವರ್ಷ ಕೊಡದ ಮರಗಳನ್ನು ಅವಳು ಮೇಷ್ಟ್ರ ಒಂದು ಮಾತಿಗೆ ಕಡಿಸಿದ್ದಳು.

"ಹೀಗೆ ಮಾಡಿ ಅಂತ ಯಾರು ಹೇಳಿದ್ದಮ್ಮ?" ಆರತಿ ಟೇಪನ್ನು ಸುತ್ತಿಡುತ್ತ ಕೇಳಿದಳು.

ಲಕ್ಕಮ್ಮ ಮೇಷ್ಟ್ರ ಕಡೆ ತಿರುಗಿ ನಕ್ಕಳು. ನೀವೇ ಹೇಳಿ ಎನ್ನುವ ನಗು.

ಮೇಷ್ಟ್ರು ಬಾಯಿ ತೆರೆದರು. ನಾನೇ ಹೇಳಿದ್ದು ಎನ್ನಬೇಕೆಂದೇ ತೆರೆದದ್ದು. ಬಂದದ್ದು ಬೇರೆ. "ಮರ ಉಳಿಸಿ ಅಂತ ಎಷ್ಟು ಬಿಡಿಸಿ ಬಿಡಿಸಿ ಹೇಳಿದೆ ನೋಡಿ! ಈ ಜನಕ್ಕೆ ಹೇಳೋದೊಂದು, ಕೇಳಿಸೋದೊಂದು" ಎಂದು ನಕ್ಕರು. ನಕ್ಕಿದ್ದು ಅವರ ಕಿವಿಗೇ ಕರ್ಕಶವಾಗಿ ಕೇಳಿಸಿತು.

ಲಕ್ಕಮ್ಮ ಅವರನ್ನೇ ನೋಡಿದಳು. ಆಮೇಲೆ ಬಗ್ಗಿ ಗೋಣಿತಾಟು ಎತ್ತಿಕೊಂಡು ಗುಂಡಿಯ ಮೇಲೆ ಮತ್ತೆ ಹಾಸಿದಳು.

"ಊಂ ಕಣವ್ವ. ಮೇಷ್ಟ್ರು ಸರ್ಯಾಗೇ ಯೋಳಿದ್ರು. ನಾನೇ ದಡ್ಡಿ, ತಪ್ಪಾಗಿ ಕೇಳುಸ್ಕಂಡೆ."

ಆರತಿ ಪಟ್ಟಿಯಲ್ಲಿ ಲಕ್ಕಮ್ಮನ ಹೆಸರಿನ ಮೇಲೆ ಗೀಟು ಎಳೆದಳು. ಇಬ್ಬರೂ ವಾಪಸು ದಾರಿ ಹಿಡಿದರು. ಬೊಡ್ಡೆ ಚಿಗುರುತ್ತೆ, ಹೊಂಗೆಗೆ ಆ ಗುಣ ಇದೆ ಎಂದು ಮೇಷ್ಟ್ರು ಒಮ್ಮೆ ಅಂದರು. "ಆ ಗಾತ್ರಕ್ಕೆ ಬರೋವಾಗ ನಾವ್ಯಾರೂ ಇರಲ್ಲ ಸರ್" ಎಂದಳು ಆರತಿ.

ಮೂರು ದಿನ ಮೇಷ್ಟ್ರಿಗೆ ಊಟ ಸೇರಲಿಲ್ಲ. ಹೆಂಡತಿ ಕನಕಲಕ್ಷ್ಮಿ, ಪಿತ್ತ ಇರಬೇಕು ಎಂದು ಕಷಾಯ ಮಾಡಿಕೊಟ್ಟರು. ಮರ ಹೋದದ್ದಕ್ಕಿಂತ ಆ ನಗು ಅವರನ್ನು ಹೆಚ್ಚು ಸುಡುತ್ತಿತ್ತು. ತರಗತಿಯಲ್ಲಿ ಹುಡುಗರು ತಪ್ಪು ಒಪ್ಪಿಕೊಳ್ಳದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ ಅವರು. ನಾಲ್ಕನೇ ದಿನ ಕಷಾಯದ ಲೋಟ ಹಾಗೇ ಬಿಟ್ಟು ಬಸ್ಸು ಹತ್ತಿದರು.

ಲಕ್ಕಮ್ಮ ಗುದ್ದಲಿ ಹಿಡಿದು ಗುಂಡಿಗಳಿಗೆ ಮಣ್ಣೆಳೆಯುತ್ತಿದ್ದಳು. ಐದು ಮುಚ್ಚಿ, ಆರನೆಯದರಲ್ಲಿದ್ದಳು. ಮೇಷ್ಟ್ರು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

"ಲಕ್ಕಮ್ಮ, ತಪ್ಪು ನಿನ್ನದಲ್ಲ, ನನ್ನದು. ನಾನೇ ಹಾಗೆ ಹೇಳಿದ್ದು. ಅವತ್ತು ಆ ಹುಡುಗಿ ಮುಂದೆ ಸುಳ್ಳು ಹೇಳಿದೆ."

"ಗೊತ್ತು ಬುಡಿ ಸಾ" ಎಂದಳು ಲಕ್ಕಮ್ಮ. ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಗುದ್ದಲಿಯ ಕಾವಿನ ಮೇಲೆ ಕೈಯೂರಿ ನಿಂತು ಕೇಳಿದಳು. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಮರ ಅಂಗೇ ಇದ್ದಿದ್ರೆ ಏನ್ ಮಾಡ್ಬೇಕಾಗಿತ್ತು ನಾನು?"

"ಏನೂ ಇಲ್ಲ."

"ಸುಮ್ಕೆ ನಿಂತ್ಕಂಡಿದ್ರೆ ಸಾಕಾಗಿತ್ತಾ ಅವು?"

"ಸಾಕಾಗಿತ್ತು."

ಲಕ್ಕಮ್ಮ ಬೊಡ್ಡೆಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಅಂಗಂತ ಒಂದ್ ಮಾತು ಯೋಳ್ಬಾರ್ದಾಗಿತ್ತಾ ಸಾ" ಎಂದಳು, ಬಲು ಮೆಲ್ಲಗೆ.

ಮೇಷ್ಟ್ರಿಗೆ ತಲೆ ಸುತ್ತಿದಂತಾಯಿತು. ಹಾಗೇ ಹತ್ತಿರದ ಬೊಡ್ಡೆಯೊಂದರ ಮೇಲೆ ಕುಸಿದು ಕೂತರು. ಬಿಸಿಲು ನೆತ್ತಿ ಬಿಟ್ಟು ಒಂದು ಪಕ್ಕಕ್ಕೆ ವಾಲಿತ್ತು. ಲಕ್ಕಮ್ಮ ಸುತ್ತ ಕಣ್ಣಾಡಿಸಿದಳು. ಅವರನ್ನು ಕೂರಿಸಲು ನೆರಳಿರುವ ಜಾಗ ಎಲ್ಲೂ ಇರಲಿಲ್ಲ. ಅವಳು ಗುದ್ದಲಿ ಕೆಳಗಿಟ್ಟು, ನೀರಿನ ಚೊಂಬು ಅವರ ಕೈಗೆ ಕೊಟ್ಟು, ಬಿಸಿಲು ಬರುತ್ತಿದ್ದ ಕಡೆಗೆ ಹೋಗಿ ಬೆನ್ನು ಮಾಡಿ ನಿಂತಳು. ಅವಳ ನೆರಳು ಮೇಷ್ಟ್ರ ತಲೆ ಮೇಲೆ ಬಿತ್ತು. ಅವರು ನೀರು ಕುಡಿದು ಮುಗಿಸುವವರೆಗೂ ಅವಳು ಅಲುಗಾಡಲಿಲ್ಲ.