ಮೂರ್ಛೆ ಹೋಗಲು ಒಪ್ಪದ ತಾಯಿ

ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ನೀರು ಬರುವುದು ಬೆಳಗ್ಗೆ ಆರರಿಂದ ಏಳೂವರೆಯವರೆಗೆ. ಆ ಹೊತ್ತಿನಲ್ಲಿ ನಾನು ಯಾರಿಗೂ ಸಿಗುವುದಿಲ್ಲ. ಮಾವನವರು ತೀರಿಕೊಂಡ ಟೆಲಿಗ್ರಾಮನ್ನು ಕೂಡ ಡ್ರಮ್ಮು ತುಂಬಿದ ಮೇಲೇ ಒಡೆದು ನೋಡಿದವಳು.

ಆ ಭಾನುವಾರ ಎರಡನೇ ಬಿಂದಿಗೆ ನಲ್ಲಿಯ ಕೆಳಗಿಟ್ಟಿದ್ದೆ. ಮಗ ಸೀತಾರಾಮ, ಅವನ ಕಾಲೇಜಿನ ಗೆಳತಿ ವಿನೋದಿನಿ ಇಬ್ಬರೂ ಅಡಿಗೆಮನೆಗೆ ನುಗ್ಗಿದರು. ವಿನೋದಿನಿಯ ತಂದೆಯದು ಬಾಂದ್ರಾದಲ್ಲಿ ಉಡುಪಿ ಹೋಟೆಲು. ಅವಳ ಹೆಗಲ ಮೇಲೆ ಮದುವೆ ಮನೆಯಲ್ಲಿ ತರುವಂಥ ದೊಡ್ಡ ವಿಡಿಯೋ ಕ್ಯಾಮೆರಾ.

"ಆಂಟೀ, ನಮ್ಮ ಕಾಮಿಡಿ ಪಿಕ್ಚರಿಗೆ ತಾಯಿ ಪಾರ್ಟಿನವರು ಕೈ ಕೊಟ್ರು. ನೀವೇ ಮಾಡ್ಬೇಕು ಮಾರಾಯ್ರೆ."

"ನೀರು ಬರ್ತಿದೆಯಲ್ಲೇ!"

"ನೀರು ಹಿಡೀತಾನೇ ಮಾಡಿ. ಸೀನೇ ಹಾಗುಂಟು."

ಕಥೆ ಇಷ್ಟು. ಹುಡುಗರನ್ನೇ ಇಷ್ಟಪಡುವ ಹುಡುಗರು, ಹುಡುಗಿಯರನ್ನೇ ಇಷ್ಟಪಡುವ ಹುಡುಗಿಯರು ನಾಲ್ಕು ಜನ ಸ್ನೇಹಿತರು. ಮನೆಯಲ್ಲಿ ಅದನ್ನು ಹೇಳಲು ಹೋಗಿ ಒಬ್ಬೊಬ್ಬರದೂ ಒಂದೊಂದು ಫಜೀತಿ. ಸೀತು ಬಂದು, "ಅಮ್ಮ, ನನಗೆ ಮದುವೆ ಬೇಡ. ನನಗೆ ಹುಡುಗರೇ ಇಷ್ಟ" ಅನ್ನಬೇಕು. ನಾನು "ಅಯ್ಯೋ ದೇವರೇ!" ಎಂದು ಬಿಂದಿಗೆ ಕೈಬಿಟ್ಟು ಮೂರ್ಛೆ ಹೋಗಬೇಕು.

"ಬಿಂದಿಗೆ ಬಿಡಲ್ಲ. ತವರುಮನೆಯದು, ನೆಗ್ಗಿಹೋಗುತ್ತೆ."

"ಪ್ಲಾಸ್ಟಿಕ್ ಬಕೆಟ್?"

"ತುಂಬಿದ ಬಕೆಟ್ ಚೆಲ್ಲೋದಾ?"

"ಆಯ್ತು, ಬರೀ ಮೂರ್ಛೆ ಹೋಗಿ."

"ನಾನು ಬಿದ್ಕೊಂಡ್ರೆ ನಲ್ಲಿ ಯಾರು ನೋಡ್ಕೋತಾರೆ?"

ವಿನೋದಿನಿ ಹಣೆ ಚಚ್ಚಿಕೊಂಡು ಕ್ಯಾಮೆರಾ ಎತ್ತಿದಳು. ಸೀತು ಬಾಗಿಲಿಂದ ಬಂದ.

"ಅಮ್ಮ, ನನಗೆ ಮದುವೆ ಬೇಡ. ನನಗೆ..."

ಅಲ್ಲಿಗೇ ನಿಂತ.

"ತಿಂಡಿ ತಿಂದ್ಯೇನೋ?" ಅಂದೆ.

"ಕಟ್! ಆಂಟೀ, ಅದು ನಿಮ್ಮ ಡೈಲಾಗ್ ಅಲ್ಲ!"

"ಮುಖ ನೋಡೇ, ಹೆಂಗೆ ಬಿಳಿಚ್ಕೊಂಡಿದೆ. ಹಸಿದಿರೋ ಮುಖ ಅದು."

ಮತ್ತೆ ಬಂದ. ಮತ್ತೆ "ನನಗೆ..." ಎಂಬಲ್ಲೇ ನಿಂತ. ಮೂರನೇ ಸಲ ನಾನು ಸಹಾಯವಾಗಲಿ ಎಂದು ಮೊದಲೇ "ಅಯ್ಯೋ ದೇವರೇ" ಅಂದುಬಿಟ್ಟೆ, ಅದಕ್ಕೂ ಬೈಸಿಕೊಂಡೆ. ಐದು ಸಲವಾದರೂ ಆ ಮಾತು ಅವನ ಬಾಯಿಂದ ಹೊರಡಲಿಲ್ಲ. ಇವನು ಏಳನೇ ವಯಸ್ಸಿಗೇ ಮಾಟುಂಗಾದ ನಾಟಕದಲ್ಲಿ ತನ್ನ ಮಾತಿನ ಜೊತೆಗೆ ರಾಜನ ಮಾತನ್ನೂ ಹೇಳಿ ಮುಗಿಸಿ ರಾಜನನ್ನು ಅಳಿಸಿದವನು.

ಹೊರಗಿನ ಕೋಣೆಯಿಂದ ನಮ್ಮವರ ದನಿ ಬಂತು. "ಅಲಮೇಲು, ಬೆಂಗಳೂರಿನವರ ಜಾತಕ ಕೂಡುತ್ತೆ. ಹುಡುಗಿ ನೋಡೋಕೆ ಬರ್ತೀವಿ ಅಂತ ಬರೆದುಬಿಡ್ಲಾ?"

ಸೀತುವಿನ ಕೈಯಲ್ಲಿದ್ದ ಡೈಲಾಗಿನ ಹಾಳೆ ಮುದ್ದೆಯಾಯಿತು.

"ಹೇಳಿಬಿಡು ಮಾರಾಯ," ವಿನೋದಿನಿ ಪಿಸುಗುಟ್ಟಿದಳು. "ನೀನು ಹೇಳಿದ್ರೆ ಮುಂದಿನ ಭಾನುವಾರ ನಮ್ಮಮ್ಮನಿಗೆ ಪಾರ್ಟು ಕೊಡ್ಲಿಕ್ಕೆ ನನಗೂ ಧೈರ್ಯ ಬರ್ತದೆ."

ಆಗ ಕ್ಯಾಮೆರಾದ ಕಡೆ ಸರಿಯಾಗಿ ನೋಡಿದೆ. ಕ್ಯಾಸೆಟ್ಟು ಹಾಕುವ ಬಾಗಿಲು ತೆರೆದುಕೊಂಡಿತ್ತು. ಒಳಗೆ ಕ್ಯಾಸೆಟ್ಟೇ ಇರಲಿಲ್ಲ. ಬೆಳಗ್ಗೆಯಿಂದ ನಾನು ಸೆರಗು ಸರಿಮಾಡಿಕೊಂಡಿದ್ದೆಲ್ಲ ದಂಡ.

"ಈಗಲೇ ಬರೀಬೇಡಿ," ಎಂದು ನಮ್ಮವರಿಗೆ ಕೂಗಿದೆ.

"ಯಾಕೆ?"

"ಪೆನ್ನು ಕೆಳಗಿಟ್ಟು ಪೇಪರ್ ಓದಿ," ಅಂದೆ.

ಆರು ಮುಕ್ಕಾಲು. ನೀರು ರಭಸವಾಗಿ ಬರುತ್ತಿತ್ತು, ಡ್ರಮ್ಮು ಇನ್ನೂ ಅರ್ಧ. ಈ ಮನೆಗೆ ಬಂದ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಬರುವ ನೀರನ್ನು ನಾನೇ ನಿಲ್ಲಿಸಿದೆ. ಅಡಿಗೆಮನೆ ಇಷ್ಟು ನಿಶ್ಶಬ್ದವಾಗಿರಬಲ್ಲದು ಎಂದು ನನಗೇ ಗೊತ್ತಿರಲಿಲ್ಲ. ಸೀತು ನಲ್ಲಿಯನ್ನು ನೋಡಿದ, ನನ್ನನ್ನು ನೋಡಿದ. ಸೆರಗಿಗೆ ಕೈ ಒರೆಸಿಕೊಂಡು ಅವನೆದುರು ನಿಂತೆ.

"ಹೇಳೋ ಕಂದ."

ಹಾಳೆಯನ್ನು ಕಟ್ಟೆಯ ಮೇಲಿಟ್ಟ.

"ಅಮ್ಮ, ಇದು ಪಿಕ್ಚರ್ ಅಲ್ದೆ ನಿಜ ಆಗಿದ್ರೆ... ಆ ಹುಡುಗ ನಾನೇ ಆಗಿದ್ರೆ, ಆಗಲೂ ನೀನು ತಿಂಡಿ ತಿಂದ್ಯಾ ಅಂತಲೇ ಕೇಳ್ತೀಯಾ?"